ವಾಪಸ್ ಬಂದ ರಾಗಿ ಮೂಟೆ

ಉಲ್ಲಾಳು
20 ಮಾರ್ಚ್ 2020

ಬೀಗಿತ್ತಿ ಪಂಕಜಾ ಅವರಿಗೆ ಮುನಿಲಕ್ಷ್ಮಮ್ಮ ಮಾಡುವ ನಮಸ್ಕಾರಗಳು.

ನಾವೆಲ್ಲ ಆರೋಗ್ಯ. ನೀವೂ ಹಾಗೇ ಇದ್ದೀರೆಂದು ಮಗಳು ಕವನಾ ಹೇಳಿದಳು. ನಿಮಗೆ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಾನು ಒಂದು ಕೇಳಿದರೆ ನೀವು ಇನ್ನೊಂದಕ್ಕೆ ಉತ್ತರ ಕೊಡುತ್ತೀರಿ. ಮಗಳ ಬಾಯಲ್ಲಿ ಹೇಳಿ ಕಳಿಸೋಣವೆಂದರೆ ಅವಳು ನನ್ನ ಮಾತಿನ ಖಾರವನ್ನೆಲ್ಲ ತೆಗೆದು ಸಪ್ಪೆ ಮಾಡಿ ನಿಮಗೆ ಬಡಿಸುತ್ತಾಳೆ. ಅದಕ್ಕೇ ಈ ಕಾಗದ. ಹೈಸ್ಕೂಲಿನವರೆಗೆ ಓದಿದ್ದೇನೆ, ಅಕ್ಷರ ಇನ್ನೂ ಕೈಬಿಟ್ಟಿಲ್ಲ. ತಂದುಕೊಡುವವನು ನನ್ನ ಮೈದುನ ತಿಮ್ಮಯ್ಯನ ಮಗ ಭೈರೇಶ. ಕೆಂಗೇರಿಯಿಂದ ನಿಮ್ಮ ರಾಜಾಜಿನಗರದ ಬೂತುಗಳಿಗೆ ದಿನಾ ಬೆಳಿಗ್ಗೆ ಹಾಲಿನ ಟೆಂಪೊ ಓಡಿಸುತ್ತಾನೆ. ಉತ್ತರವನ್ನು ಅವನ ಕೈಗೇ ಕೊಡಿ.

ವಿಷಯಕ್ಕೆ ಬರುತ್ತೇನೆ. ಈ ಕಾಯಿಲೆ ಬಂದ ಹಾಗೆ ಹೋಗುವುದಲ್ಲ. ನಾನು ಮನೆ ತುಂಬಿಸಿದ್ದೇನೆ. ತಾವರೆಕೆರೆಯ ನಮ್ಮಣ್ಣನ ಕಡೆಯಿಂದ ರಾಗಿ, ಹುರುಳಿ, ಒಣಗಿದ ಅವರೆಕಾಳು, ಹುಣಸೆಹಣ್ಣು ಬಂದಿವೆ. ನಿಮ್ಮ ಮನೆಗೆಂದು ಒಂದು ಮೂಟೆ ರಾಗಿ, ಒಂದು ಚೀಲ ಅವರೆಕಾಳು ಕಳಿಸುತ್ತಿದ್ದೇನೆ. ರಾಗಿಯನ್ನು ಒಂದು ದಿನ ಬಿಸಿಲಿಗೆ ಹರಡಿ, ಬೇವಿನೆಲೆ ಹಾಕಿ ಡ್ರಮ್ಮಿಗೆ ತುಂಬಿ. ಬೇಕಾದಾಗ ಬೇಕಾದಷ್ಟು ಮಿಲ್ಲಿಗೆ ಕೊಡಿ. ಎಲ್ಲವನ್ನೂ ಒಂದೇ ಸಲ ಹಿಟ್ಟು ಮಾಡಿಸಿದರೆ ಹುಳ ಬೀಳುತ್ತದೆ. ನನ್ನ ಮಗಳು ಐದು ತಿಂಗಳ ಬಸುರಿ. ಅವಳಿಗೆ ದಿನಕ್ಕೆ ಒಂದು ಹೊತ್ತಾದರೂ ಮುದ್ದೆ ಬೇಕು.

ಇದು ಮುಗಿದರೂ ಚಿಂತೆಯಿಲ್ಲ. ಮದುವೆ ಮಾತುಕತೆಗೆ ಬಂದಾಗ ನಮ್ಮ ಅಂಗಳದ ಹಗೇವು ನೋಡಿದ್ದೀರಿ. ಧಾನ್ಯ ತುಂಬಿಡುವ ನೆಲದೊಳಗಿನ ಗುಳಿ, ಮೇಲೆ ಚಪ್ಪಡಿ ಮುಚ್ಚಿದೆ. ನಿಮ್ಮ ಮಗ ಸುಘೋಷ್ ಅದನ್ನು ನೀರಿನ ಸಂಪು ಎಂದುಕೊಂಡಿದ್ದ. ನಮ್ಮ ಹೊಲ ಬಡಾವಣೆಯಾಗುವ ಮುಂಚೆ ಬೆಳೆದ ಕೊನೆಯ ರಾಗಿ ಅದರಲ್ಲಿದೆ. ನಮ್ಮ ಯಜಮಾನರು ನಿಂತು ತುಂಬಿಸಿದ್ದು. ಉಲ್ಲಾಳಿನಲ್ಲಿ ಬೇರೆಯವರ ಹಗೇವುಗಳೆಲ್ಲ ಈಗ ಕಾರು ನಿಲ್ಲಿಸುವ ಜಾಗ. ನಮ್ಮದು ತುಂಬಿದೆ.

ಮುನಿಲಕ್ಷ್ಮಮ್ಮ


ರಾಜಾಜಿನಗರ
23 ಮಾರ್ಚ್ 2020

ಮಾನ್ಯ ಮುನಿಲಕ್ಷ್ಮಮ್ಮನವರಿಗೆ ನಮಸ್ಕಾರ.

ತಮ್ಮ ಪತ್ರ, ರಾಗಿ, ಅವರೆಕಾಳು ಮೂರೂ ತಲುಪಿದವು. ಪತ್ರವನ್ನು ಇಟ್ಟುಕೊಂಡಿದ್ದೇನೆ. ಉಳಿದೆರಡನ್ನು ಭೈರೇಶನ ಟೆಂಪೊದಲ್ಲೇ ಹಿಂದಕ್ಕೆ ಕಳಿಸಿದ್ದೇನೆ. ದಯವಿಟ್ಟು ತಪ್ಪು ತಿಳಿಯಬಾರದು.

ಮೂವತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದವಳು ನಾನು. ಕೊರತೆ ಬರುವುದು ಬೆಳೆ ಇಲ್ಲದ್ದರಿಂದಲ್ಲ, ಹೆದರಿದವರು ಕೂಡಿಡುವುದರಿಂದ ಎಂದು ಅವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದ್ದನ್ನು ನಾನೇ ನಡೆಸದಿದ್ದರೆ ಹೇಗೆ? ಮೊನ್ನೆ ಶನಿವಾರ ನಮ್ಮ ಅಡ್ಡರಸ್ತೆಯ ಒಂಬತ್ತು ಮನೆಗಳಿಗೂ ಹೋಗಿ, ಗೇಟಿನ ಹೊರಗೇ ನಿಂತು, ಒಂದು ವಾರಕ್ಕಿಂತ ಹೆಚ್ಚಿನ ಸಾಮಾನು ತರಬೇಡಿ, ಅಂಗಡಿಯಲ್ಲಿ ದಿನಗೂಲಿಯವರಿಗೂ ಉಳಿಯಬೇಕು ಎಂದು ಹೇಳಿ ಬಂದೆ. ಎಲ್ಲರೂ ಒಪ್ಪಿದರು. ಆಮೇಲೆ ನನ್ನ ಬಾಗಿಲಲ್ಲೇ ಮೂಟೆ ಇಳಿದರೆ ಅವರ ಮುಖ ಹೇಗೆ ನೋಡಲಿ?

ಅಲ್ಲದೆ ನಮ್ಮಲ್ಲಿ ರಾಗಿಯ ಬಳಕೆ ಗಂಜಿಗೆ ಮಾತ್ರ. ಕವನಾಳಿಗೆ ಇಲ್ಲಿ ಯಾವುದಕ್ಕೂ ಕಡಿಮೆಯಿಲ್ಲ.

ಪಂಕಜಾ


ಉಲ್ಲಾಳು
26 ಮಾರ್ಚ್ 2020

ಪಂಕಜಾ ಅವರಿಗೆ,

ಯುಗಾದಿಯ ಹಿಂದಿನ ದಿನ ನಮ್ಮ ಬಾಗಿಲಲ್ಲಿ ನಡೆದದ್ದನ್ನು ನೀವು ತಿಳಿದುಕೊಳ್ಳಬೇಕು. ಭೈರೇಶ ಮೂಟೆ ಇಳಿಸುತ್ತಿದ್ದ. ಎದುರು ಮನೆಯವಳು ಮಹಡಿ ಮೇಲಿಂದ ಕೂಗಿದಳು.

“ಏನ್ ಮುನಿಲಕ್ಷ್ಮಕ್ಕ, ಹಬ್ಬಕ್ಕೆ ಬೀಗರ ಮನೆಯಿಂದ ರಾಗಿ ಬಂತಾ?”

ಭೈರೇಶನೇ, “ಬಂದಿಲ್ಲ ಕಣಕ್ಕ, ಹೋಗಿದ್ದು ವಾಪಸ್ ಬಂತು” ಎಂದ. ಅವನ ಬಾಯಿ ಅವನಪ್ಪನದು.

ಹೆಣ್ಣು ಕೊಟ್ಟ ಮನೆಯಿಂದ ಬಂದ ಕಾಳನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ಬೇಡವಾದರೆ ಕೆಲಸದವರಿಗೆ ಕೊಡುತ್ತಾರೆ, ಹಕ್ಕಿಗೆ ಹಾಕುತ್ತಾರೆ. ನೀವು ನನಗೆ ಪಾಠ ಹೇಳಿ ಕಳಿಸಿದ್ದೀರಿ. ಕೂಡಿಡುವುದು ಹೆದರಿಕೆ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ಅದು ಹೆದರಿಕೆಯಲ್ಲ, ಅಭ್ಯಾಸ. ಅಂಗಡಿ ಹುಟ್ಟುವ ಮುಂಚಿನ ಅಭ್ಯಾಸ. ಪ್ರತಿ ವರ್ಷ ಸುಗ್ಗಿಯಾದ ಮೇಲೆ ಮನೆ ತುಂಬಿಸುತ್ತೇವೆ, ಯಾವ ಕಾಯಿಲೆಯನ್ನೂ ಕಾದು ಕೂರುವುದಿಲ್ಲ.

ನಿಮ್ಮ ಮೂಟೆಯನ್ನು ಅದೇ ದಿನ ನಮ್ಮ ಹಿತ್ತಲ ಬಾಡಿಗೆ ಕೋಣೆಗಳ ಗಾರ್ಮೆಂಟ್ಸ್ ಹುಡುಗಿಯರಿಗೆ ಕೊಟ್ಟೆ. ಅವರ ಕೆಲಸ ನಿಂತಿದೆ. ಅವರು ಯಾರೂ ನನಗೆ ನಾಗರಿಕರ ಕರ್ತವ್ಯ ಹೇಳಲಿಲ್ಲ, ಸೆರಗೊಡ್ಡಿ ತೆಗೆದುಕೊಂಡರು.

ಇನ್ನು ಈ ಮಾತನ್ನು ಎರಡು ಸಲ ಓದಿಕೊಳ್ಳಿ. ಒಂದು ಸಲ ಹಿಂದೆ ಬಂದ ಕಾಳು ಕೇಳದೆ ಮತ್ತೆ ಹೊಸಿಲು ದಾಟುವುದಿಲ್ಲ. ನೀವಾಗಿ ಕೇಳಿದರೆ ಮಾತ್ರ ಇಲ್ಲಿಂದ ರಾಗಿ ಹೊರಡುತ್ತದೆ. ನನ್ನ ಮಗಳು ಕೇಳಿದರೂ ಇಲ್ಲ, ನಿಮ್ಮ ಮಗ ಕೇಳಿದರೂ ಇಲ್ಲ.

ಬಸುರಿಯ ಬಯಕೆಗೆ ಈ ಕಟ್ಟು ಅನ್ವಯಿಸುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹುಣಸೆ ತೊಕ್ಕು ಇದೆ. ಅವಳಿಗೆ ಕೊಡಿ.

ಮುನಿಲಕ್ಷ್ಮಮ್ಮ


ರಾಜಾಜಿನಗರ
5 ಏಪ್ರಿಲ್ 2020

ಮುನಿಲಕ್ಷ್ಮಮ್ಮನವರಿಗೆ,

ತೊಕ್ಕನ್ನು ಕವನಾ ಬೆರಳಲ್ಲಿ ತೆಗೆದು ತಿಂದು ಮುಗಿಸಿದಳು. ಡಬ್ಬಿ ಕಳಿಸಿದ್ದೇನೆ. ಒಳಗೆ ಕೊಬ್ಬರಿ ಮಿಠಾಯಿ ಇದೆ, ನಾನೇ ಮಾಡಿದ್ದು.

ನಮ್ಮ ಬೀದಿ ಶಾಂತವಾಗಿದೆ. ಅಂಗಡಿ ಬೆಳಿಗ್ಗೆ ತೆರೆಯುತ್ತದೆ, ಎಲ್ಲರೂ ದೂರ ದೂರ ನಿಂತು ಬೇಕಾದಷ್ಟೇ ತರುತ್ತಾರೆ. ವಿಜಯನಗರದ ಮಾರ್ಕೆಟ್ಟಿನಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಎಣ್ಣೆ ಡಬ್ಬ ಕಿತ್ತುಕೊಂಡರಂತೆ. ನಮ್ಮಲ್ಲಿ ಹಾಗೆ ಆಗಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ.

ನಿಮ್ಮ ಕಟ್ಟು ನನಗೆ ಅರ್ಥವಾಗಿದೆ. ಕೇಳುವ ಸಂದರ್ಭ ಬರುವುದಿಲ್ಲ.

ಪಂಕಜಾ


ಉಲ್ಲಾಳು
12 ಏಪ್ರಿಲ್ 2020

ಪಂಕಜಾ ಅವರಿಗೆ,

ಜಂಬಕ್ಕೆ ಬರೆಯುತ್ತಿಲ್ಲ ಎಂದು ಬರೆದವರು ಯಾವುದಕ್ಕೆ ಬರೆದಿರುತ್ತಾರೆಂದು ನನಗೆ ಗೊತ್ತು. ಮಿಠಾಯಿ ಚೆನ್ನಾಗಿತ್ತು. ಸಕ್ಕರೆ ಒಂದು ಕೈ ಮುಂದಿತ್ತು.

ನಿಮ್ಮ ಬೀದಿಯಲ್ಲಿ ಯಾರಿಗೋ ಕಾಯಿಲೆ ಬಂದು ಎರಡೂ ತುದಿಗೆ ತಗಡು ಹೊಡೆದಿದ್ದಾರಂತೆ. ಭೈರೇಶ ಹೇಳಿದ. ಹಾಲಿನ ಕ್ರೇಟನ್ನು ತಗಡಿನ ಸಂದಿಯಲ್ಲಿ ತಳ್ಳಿ ಬರುತ್ತಾನಂತೆ. ನೀವು ಇದನ್ನು ಬರೆಯಲಿಲ್ಲ. ಬರೆಯಬೇಕೆಂದು ನಾನೂ ಕೇಳಿಲ್ಲ, ಬಿಡಿ.

ಇಲ್ಲಿಯ ಸುದ್ದಿ ಕೇಳಿ. ನಮ್ಮ ಬಡಾವಣೆಯ ಮುಖಂಡ ಬಸವಲಿಂಗಪ್ಪ ನಾಲ್ಕು ಜನ ಹಿಂಬಾಲಕರನ್ನು ಕಟ್ಟಿಕೊಂಡು ಬಂದಿದ್ದ. ಅಂಗಳದಲ್ಲಿ ನಿಂತು ಹಗೇವಿನ ಚಪ್ಪಡಿಯನ್ನೇ ನೋಡುತ್ತಾ ಮಾತಾಡಿದ.

“ಅಮ್ಮಾ, ಒಳಗೆ ರಾಗಿ ಇದೆಯಂತಲ್ಲ. ನಮ್ಗೆ ಕೊಡಿ. ಐದೈದ್ ಕೆಜಿ ಚೀಲ ಮಾಡಿ ಬಡವರಿಗೆ ಹಂಚ್ತೀವಿ.”

“ಚೀಲದ್ ಮೇಲೆ ಯಾರ್ ಫೋಟೋ?”

“ಚಿಕ್ಕದಾಗಿ ನಂದೊಂದು ಇರುತ್ತೆ. ಬೇಕಾದ್ರೆ ನಿಮ್ದೂ ಹಾಕ್ಸೋಣ.”

“ನನ್ ಫೋಟೋ ಹಾರ ಹಾಕ್ಕೊಂಡು ಕೂರೋ ಕಾಲ ಇನ್ನೂ ಬಂದಿಲ್ಲ. ನಡಿ.”

“ಹಂಗಲ್ಲಮ್ಮ, ಕಾಳು ಕೂಡಿಟ್ಕೊಂಡೋರ ಮೇಲೆ ಈಗ ಕೇಸ್ ಆಗುತ್ತೆ. ನಿಮ್ ಒಳ್ಳೇದಕ್ಕೆ ಹೇಳ್ತಿದೀನಿ.”

“ಹಾಕ್ಸು. ಜೈಲಲ್ಲೂ ಮುದ್ದೆನೇ ಕೊಡೋದು.”

ಹಿಂಬಾಲಕರಲ್ಲಿ ಒಬ್ಬ ಮಾಸ್ಕಿನೊಳಗೇ ನಕ್ಕ. ಅವರು ಹೋದ ಮೇಲೆ ತಿಮ್ಮಯ್ಯ, “ಅತ್ತಿಗೆ, ಒಂದ್ಸಲ ತೆಗೆದು ನೋಡೇ ಬಿಡೋಣ” ಎಂದ. ಸಮಯ ಬಂದಿಲ್ಲ ಎಂದು ಸುಮ್ಮನಿರಿಸಿದೆ. ಹಗೇವು ತೆಗೆಯುವುದೆಂದರೆ ಬೀರು ಬಾಗಿಲು ತೆಗೆದ ಹಾಗಲ್ಲ.

ಡಬ್ಬಿಯಲ್ಲಿ ಈ ಸಲ ನಿಂಬೆ ಉಪ್ಪಿನಕಾಯಿ. ತಗಡಿನೊಳಗೆ ನಿಮ್ಮ ನಾಗರಿಕರು ಹೇಗಿದ್ದಾರೆ?

ಮುನಿಲಕ್ಷ್ಮಮ್ಮ


ರಾಜಾಜಿನಗರ
15 ಏಪ್ರಿಲ್ 2020

ಮುನಿಲಕ್ಷ್ಮಮ್ಮನವರಿಗೆ,

ಎಲ್ಲರೂ ಕ್ಷೇಮ. ತಗಡು ಹಾಕಿರುವುದು ಸುರಕ್ಷತೆಗಾಗಿ. ಸಾಮಾನಿಗೆ ವ್ಯವಸ್ಥೆ ಮಾಡಿದ್ದಾರೆ. ಸುಘೋಷ್‌ಗೆ ಮದುವೆ ಛತ್ರಗಳ ಮೈಕ್ ಸೆಟ್ ಕೆಲಸ ನಿಂತಿರುವುದರಿಂದ ಮನೆಯಲ್ಲೇ ಇದ್ದು ಕವನಾಳಿಗೆ ಸಹಾಯ ಮಾಡುತ್ತಾನೆ.

ಡಬ್ಬಿಯಲ್ಲಿ ಸಕ್ಕರೆ ಇಟ್ಟಿದ್ದೇನೆ. ಬರೆಯುವುದಕ್ಕೆ ಹೆಚ್ಚೇನೂ ಇಲ್ಲ.

ಪಂಕಜಾ


ಉಲ್ಲಾಳು
22 ಏಪ್ರಿಲ್ 2020

ಪಂಕಜಾ ಅವರಿಗೆ,

ಭಾನುವಾರ ಡಬ್ಬಿಯಲ್ಲಿ ಹುರಿಗಡಲೆ ಚಟ್ನಿಪುಡಿ ಕಳಿಸಿದೆ. ಇವತ್ತು ಡಬ್ಬಿ ವಾಪಸ್ ಬಂತು. ತೊಳೆದು ಫಳಫಳ ಮಾಡಿದ್ದೀರಿ. ಒಳಗೆ ಒಂದೇ ಒಂದು ದಾಸವಾಳದ ಹೂವು. ಕಾಗದವಿಲ್ಲ.

ಮೊದಲ ಸಲ ಮಿಠಾಯಿ, ಎರಡನೇ ಸಲ ಸಕ್ಕರೆ, ಈಗ ಕಾಂಪೌಂಡಿನ ಹೂವು. ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದೀರಿ ನನ್ನನ್ನು. ಮುಂದಿನ ಸಲ ಏನು, ಒಣಗಿದ ಎಲೆಯೇ? ನಾನೇನು ಗುಡಿಯಲ್ಲಿ ಕೂತಿದ್ದೇನೆಯೇ ಹೂವು ಏರಿಸುವುದಕ್ಕೆ? ಬೀಗರ ಪಾತ್ರೆಗೆ ಏನು ಹಾಕಿ ಕಳಿಸಬೇಕೆಂದು ನಿಮ್ಮ ಸಮಾಜ ಪಾಠದಲ್ಲಿ ಇರಲಿಲ್ಲವೇ? ಮೂಟೆ ಹಿಂದೆ ಕಳಿಸಿದಿರಿ, ಸಹಿಸಿದೆ. ಈ ಅಣಕವನ್ನು ಸಹಿಸುವುದಿಲ್ಲ. ಇನ್ನು ಡಬ್ಬಿ ಬರುವುದಿಲ್ಲ. ಮಗಳಿಗೆ ಬಯಕೆಯಾದರೆ ನೀವೇ ತೀರಿಸಿ.

ಮುನಿಲಕ್ಷ್ಮಮ್ಮ


ಉಲ್ಲಾಳು
23 ಏಪ್ರಿಲ್ 2020

ಪಂಕಜಾ ಅವರಿಗೆ,

ನಿನ್ನೆಯ ಕಾಗದವನ್ನು ಹರಿದು ಹಾಕಿ. ಹರಿದಿಲ್ಲದಿದ್ದರೆ ಇದನ್ನು ಓದಿ ಹರಿಯಿರಿ.

ಬೆಳಿಗ್ಗೆ ಹಿತ್ತಲ ಕೋಣೆಯ ದುರ್ಗವ್ವ ನಮ್ಮ ಪಾತ್ರೆ ವಾಪಸ್ ತಂದಳು. ಹುರುಳಿ ಬೇಯಿಸಿ ಕೊಟ್ಟಿದ್ದ ಪಾತ್ರೆ. ಒಳಗೆ ನಾಲ್ಕು ಎಸಳು ಕರಿಬೇವು.

“ಇದೇನೇ?” ಅಂದೆ.

“ಖಾಲಿ ಕೊಡಬಾರ್ದಲ್ಲಮ್ಮ. ಸಕ್ಕರೆ ಕಾಳು ಏನೂ ಉಳಿದಿಲ್ಲ. ಸಂಪಿನ ಪಕ್ಕದ ಗಿಡದಲ್ಲಿ ಕಿತ್ಕೊಂಡೆ, ಬೈಬೇಡಿ.”

ಗಿಡವೂ ನನ್ನದೇ. ಒಳಗೆ ಬಂದು ನಿಮ್ಮ ದಾಸವಾಳವನ್ನು ನೋಡಿದೆ. ಬಾಡಿ ಮುದುರಿತ್ತು.

ಮಗಳಿಗೆ ಫೋನ್ ಮಾಡಿದೆ.

“ಸಕ್ಕರೆ ಇದೆಯೇನೇ ಮನೇಲಿ?”

“ಇದೆ ಅಮ್ಮಾ.”

“ಎಷ್ಟಿದೆ?”

“ಇದೆ ಅಂದ್ನಲ್ಲಮ್ಮ.”

“ಅತ್ತೆ ಏನ್ ತಿಂದ್ರು ಬೆಳಿಗ್ಗೆ?”

“ಅಮ್ಮಾ, ಆಮೇಲ್ ಮಾಡ್ತೀನಿ, ಅವ್ರು ಕರೀತಿದಾರೆ.”

ನೀವು ಕರೆದಿರಲಿಲ್ಲ. ಅವಳು ಸುಳ್ಳು ಹೇಳುವಾಗ ಗಂಟಲು ಸಣ್ಣದಾಗುತ್ತದೆ, ಮೂರನೇ ಕ್ಲಾಸಿನಿಂದ ಕೇಳಿದ್ದೇನೆ. ನೀವು ಅವಳಿಂದ ಮಾತು ತೆಗೆದುಕೊಂಡಿದ್ದೀರಿ, ಅಲ್ಲವೇ?

ನಾನು ಬರೆದ ಕಟ್ಟು ಬರೆದದ್ದೇ. ಅಳಿಸುವುದಿಲ್ಲ. ಆದರೆ ನೀವು ಕೇಳಿ. ಒಂದೇ ಒಂದು ಪದ ಬರೆಯಿರಿ. ಹಾಲಿನ ಕ್ರೇಟಿನಲ್ಲಿ ಹಾಕಿ. ಕೇಳಿದರೆ ನಿಮ್ಮ ಮೂಗೇನೂ ಉದುರಿ ಬೀಳುವುದಿಲ್ಲ.

ಮುನಿಲಕ್ಷ್ಮಮ್ಮ


ರಾಜಾಜಿನಗರ
25 ಏಪ್ರಿಲ್ 2020

ಮುನಿಲಕ್ಷ್ಮಮ್ಮನವರಿಗೆ,

ಎರಡೂ ಪತ್ರಗಳು ಒಂದೇ ಕ್ರೇಟಿನಲ್ಲಿ ಬಂದವು. ಯಾವುದನ್ನೂ ಹರಿದಿಲ್ಲ. ಮೊದಲನೆಯದನ್ನು ಓದಿ ಸಿಟ್ಟು ಬಂತು, ಎರಡನೆಯದನ್ನು ಓದಿ ಇನ್ನೂ ಹೆಚ್ಚು.

ಕವನಾಳ ಊಟದಲ್ಲಿ ಒಂದು ತುತ್ತೂ ಕಡಿಮೆಯಾಗಿಲ್ಲ. ಅವಳ ಅಕ್ಕಿ, ಬೇಳೆ, ಹಾಲು ಬೇರೆಯಾಗಿ ಎತ್ತಿಟ್ಟಿದ್ದೇನೆ. ಇದನ್ನು ನೀವು ನಂಬಬೇಕು. ನಾನೂ ಸುಘೋಷನೂ ಗಂಜಿ ಕುಡಿಯುತ್ತೇವೆ. ಅದು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ ಬೇರೆ. ಸಾಮಾನಿನ ಗಾಡಿ ಒಂದು ಸಲ ಬಂದು ಹೋಯಿತು, ಆಮೇಲೆ ಇವತ್ತು ನಾಳೆ ಎನ್ನುತ್ತಿದ್ದಾರೆ. ಎದುರು ಮನೆಯ ಹನುಮವ್ವ ಬಟ್ಟೆ ಹೊಲಿದು ಮೂರು ಮಕ್ಕಳನ್ನು ಸಾಕುವವಳು. ಮಂಗಳವಾರ ಗೇಟಿನ ಹತ್ತಿರ ಬಂದು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಕವನಾ ಹೇಳಲು ಹಿಂಜರಿದಳು. ಒತ್ತಾಯ ಮಾಡಿದ ಮೇಲೆ ಕಿವಿಯ ಹತ್ತಿರ ಬಂದು ಹನುಮವ್ವನ ಮಾತನ್ನು ಹೇಳಿದಳು: “ಮೇಡಂ, ನೀವು ಬೇಡ ಅಂದ್ರಲ್ಲ, ಅದಕ್ಕೇ ನಾನು ತರ್ಲಿಲ್ಲ. ತಗಡು ಬೀಳೋಕ್ ಮುಂಚೆ ಕೈಲಿ ದುಡ್ಡಿತ್ತು.”

ಅವಳು ಜಗಳಕ್ಕೆ ಬಂದಿರಲಿಲ್ಲ. ಜಗಳವಾಡಿದ್ದರೆ ವಾಸಿಯಿತ್ತು. ಒಂಬತ್ತು ಮನೆಗೂ ಹೋಗಿ ಹೇಳಿದವಳು ನಾನು. ಒಂಬತ್ತು ಮನೆಯವರೂ ನನ್ನ ಮಾತು ಕೇಳಿದರು.

ಕೂಡಿಡುವುದು ಸರಿ ಎಂದು ನಾನು ಈಗಲೂ ಒಪ್ಪುವುದಿಲ್ಲ. ಅಂಗಡಿಯಲ್ಲಿ ಉಳಿದ ಅಕ್ಕಿ ಯಾರಿಗೋ ಸಿಕ್ಕಿರುತ್ತದೆ, ಅದು ನನಗೆ ಸಾಕು. ಆದರೆ ಬೀದಿಗೆ ತಗಡು ಬೀಳಬಹುದೆಂದು ನಾನು ಯೋಚಿಸಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಈ ಬೀದಿಗೆ ರಾಗಿ ಕೊಡಿ. ನಿಮ್ಮ ಕಟ್ಟಿನ ಪ್ರಕಾರ ನಾನಾಗಿಯೇ ಕೇಳಿದ್ದೇನೆ, ಸ್ವಂತ ಕೈಯಲ್ಲಿ ಬರೆದು. ಆದರೆ ನನ್ನ ಮನೆಗೆ ಬೇಡ. ಅವರನ್ನು ಹಸಿವಿಗೆ ನೂಕಿ ನಾನು ಅದೇ ಹಿಟ್ಟು ತಿನ್ನುವುದಿಲ್ಲ.

ಪಂಕಜಾ


ಉಲ್ಲಾಳು
29 ಏಪ್ರಿಲ್ 2020

ಪಂಕಜಾ ಅವರಿಗೆ,

ನೀವು ಕೇಳಿದಿರಿ. ಈಗ ನನ್ನ ಸರದಿ.

ನಮ್ಮ ಹಗೇವು ತುಂಬಿದೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅದು ತುಂಬಿತ್ತು ಎನ್ನುವುದು ನಿಜ. ಒಳಗೆ ಏನಾಗಿದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಐದು ವರ್ಷದ ಹಿಂದೆ ಅಂಗಳದ ಪಕ್ಕದಲ್ಲೇ ಚರಂಡಿ ತೋಡಿದರು. ಆಗಿನಿಂದ ಮಳೆ ಬಂದಾಗಲೆಲ್ಲ ಚಪ್ಪಡಿಯ ಒಂದು ಅಂಚು ಒದ್ದೆಯಾಗುತ್ತಿತ್ತು. ತಿಮ್ಮಯ್ಯ ತೆಗೆದು ನೋಡೋಣವೆಂದಾಗಲೆಲ್ಲ ತಡೆದೆ. ಅದು ಯಜಮಾನರ ಕೊನೆಯ ಬೆಳೆ. ಮುಚ್ಚಿದ್ದರೆ ತುಂಬಿದೆ ಎನ್ನಬಹುದಿತ್ತು. ತೆಗೆದು ಕರ್ರಗೆ ಕೊಳೆತ ಮುದ್ದೆ ಕಂಡರೆ ನಾನು ಏನೆಂದು ತಲೆಯೆತ್ತಿ ನಡೆಯಲಿ? ಬಸವಲಿಂಗಪ್ಪನನ್ನು ಓಡಿಸಿದ್ದರಲ್ಲಿ ಈ ಭಯವೂ ಇತ್ತು. ಅವನ ಫೋಟೋ ಬೇಡವಾಗಿತ್ತು ಎನ್ನುವುದೂ ಸುಳ್ಳಲ್ಲ.

ನಿಮ್ಮ ಕಾಗದ ಬಂದ ಮರುದಿನ ಬೆಳಿಗ್ಗೆ ಚಪ್ಪಡಿಗೆ ಅರಿಶಿನ ಕುಂಕುಮ ಇಟ್ಟು ಎಬ್ಬಿಸಿದೆವು. ಒಳಗಿನಿಂದ ಬಂದ ಕಾವಿಗೆ ಮುಖ ತಿರುಗಿಸಬೇಕಾಯಿತು. ತಿಮ್ಮಯ್ಯ ಪಂಚೆ ಎತ್ತಿ ಕಟ್ಟಿ ಇಳಿಯಲು ಹೊರಟ.

“ನಿಂತ್ಕೊಳೋ,” ಅಂದೆ. “ದೀಪ ಇಳಿಸು ಮೊದ್ಲು.”

“ಈಗಿನ್ ಕಾಲದಲ್ಲಿ ದೀಪ ಏನತ್ತಿಗೆ, ಟಾರ್ಚ್ ಇದೆ.”

“ಟಾರ್ಚು ಉಸಿರಾಡುತ್ತೇನೋ?”

ಹಗ್ಗ ಕಟ್ಟಿ ದೀಪ ಇಳಿಸಿದೆವು. ಗುಳಿಯ ಕತ್ತಿನ ಕೆಳಗೆ ಹೋಗುತ್ತಲೇ ಆರಿತು. ಕೆಟ್ಟ ಗಾಳಿ ಹೋಗಲೆಂದು ಇಡೀ ದಿನ ಬಾಯಿ ತೆರೆದಿಟ್ಟು, ಮಾರನೆಯ ದಿನ ಮತ್ತೆ ಇಳಿಸಿದಾಗ ದೀಪ ಉರಿಯಿತು. ಆಮೇಲೆ ಇಳಿದ. ನಾನು ಬಾಯಿಯ ಅಂಚಿನಲ್ಲಿ ಕೂತು ಕಾದೆ. ಜೀವನದಲ್ಲಿ ಅಷ್ಟು ಹೊತ್ತು ನಾನು ಯಾವ ಗಂಡಸಿನ ಮಾತಿಗೂ ಕಾದಿಲ್ಲ.

“ಅತ್ತಿಗೆ, ಚರಂಡಿ ಕಡೆ ಎಲ್ಲಾ ಹೋಗಿದೆ,” ಎಂದು ಕೂಗಿದ.

“ಈ ಕಡೆ?”

ಒಂದು ಕುಕ್ಕೆ ಮೇಲೆ ಬಂತು. ಕೈ ಹಾಕಿದೆ. ಬೆಚ್ಚಗಿತ್ತು, ಬೆರಳ ಸಂದಿಯಲ್ಲಿ ನೀರಿನಂತೆ ಜಾರಿತು. ಬಾಯಿಗೆ ಹಾಕಿ ಅಗಿದೆ. ಹಳೆಯ ಹುಲ್ಲಿನ ವಾಸನೆ, ಆದರೆ ರುಚಿ ಕೆಟ್ಟಿರಲಿಲ್ಲ. ಅರ್ಧ ಉಳಿದಿದೆ, ಅರ್ಧ ಮಣ್ಣಾಗಿದೆ. ಮಣ್ಣಾದದ್ದನ್ನು ಅಂಗಳದಲ್ಲೇ ಎಲ್ಲರಿಗೂ ಕಾಣುವ ಹಾಗೆ ರಾಶಿ ಹಾಕಿಸಿದೆ. ಎದುರು ಮನೆಯವಳು ನೋಡಿದಳು. ನೋಡಲಿ.

ಬಸವಲಿಂಗಪ್ಪ ಮಧ್ಯಾಹ್ನವೇ ಬಂದ. ವ್ಯಾನು ಕೊಡುತ್ತೇನೆ, ಮುಂದೆ ಒಂದು ಬ್ಯಾನರು ಮಾತ್ರ ಎಂದ. ಬ್ಯಾನರು ಮಾಡಿಸುವ ಬಟ್ಟೆಯಲ್ಲಿ ಚೀಲ ಹೊಲಿಸಿ ಕೊಡು ಎಂದೆ. ಮತ್ತೆ ಬರಲಿಲ್ಲ.

ತಗಡಿನೊಳಗೆ ನಿಮಗೆ ಮಿಲ್ಲು ಎಲ್ಲಿಂದ ಬರಬೇಕು? ಅದಕ್ಕೇ ಕೇರಿ ಒಣಗಿಸಿ, ಇಲ್ಲೇ ಹಿಟ್ಟು ಮಾಡಿಸಿದ್ದೇನೆ. ಆರು ಮೂಟೆ ಹಿಟ್ಟು, ಜೊತೆಗೆ ಹುರುಳಿ. ನಾಳೆ ಭೈರೇಶ ಒಬ್ಬನೇ ತರುತ್ತಾನೆ. ನನ್ನ ವಯಸ್ಸಿನವರು ಮನೆ ಬಿಟ್ಟು ಹೊರಡಬಾರದಂತೆ.

ಜೊತೆಯಲ್ಲಿ ನಮ್ಮ ಹಿತ್ತಾಳೆ ಸೇರು ಇದೆ. ಪ್ರತಿ ಮನೆಗೂ ನೀವೇ ಅಳೆದು ಕೊಡಬೇಕು, ಬೇರೆ ಯಾರ ಕೈಗೂ ಕೊಡಬೇಡಿ. ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಎರಡನೆಯದರಿಂದ ಎಣಿಕೆ. ಆ ಲಾಭದ ಸೇರು ಅಳೆದವರ ಮನೆಯದು. ಅದನ್ನು ಅವರು ಅವತ್ತೇ ಬೇಯಿಸಿ ಉಣ್ಣಬೇಕು. ಉಣ್ಣದಿದ್ದರೆ ಉಳಿದ ರಾಶಿ ಯಾರಿಗೂ ದಕ್ಕುವುದಿಲ್ಲ ಎಂದು ನಮ್ಮ ಮನೆಯಲ್ಲಿ ನಡೆದುಬಂದ ಕ್ರಮ. ನಿಮ್ಮ ಬೀದಿಗೆ ದಕ್ಕಬೇಕೋ ಬೇಡವೋ ನೀವೇ ತೀರ್ಮಾನಿಸಿ.

ಮುನಿಲಕ್ಷ್ಮಮ್ಮ


ರಾಜಾಜಿನಗರ
1 ಮೇ 2020

ಮುನಿಲಕ್ಷ್ಮಮ್ಮನವರಿಗೆ,

ನನ್ನನ್ನು ಮೂಲೆಗೆ ನಿಲ್ಲಿಸಿದಿರಿ. ಈ ಕ್ರಮ ನಿಜವಾಗಿಯೂ ನಿಮ್ಮ ಮನೆಯದೋ, ಈ ವಾರ ಹುಟ್ಟಿದ್ದೋ ಎಂದು ಕವನಾಳನ್ನು ಕೇಳಿದೆ. ಅವಳು ನಕ್ಕಳು.

ನಿನ್ನೆ ತಗಡಿನ ಪಕ್ಕಕ್ಕೆ ಮೇಜು ಹಾಕಿ ನಿಂತೆ. ಪೇದೆ ಮೂಟೆಗಳನ್ನು ನೋಡಿ, “ಹಾಲಿನ ಪಾಸಲ್ಲಿ ಹಿಟ್ಟಾ?” ಎಂದನಂತೆ. ಭೈರೇಶ, “ಸಾರ್, ಮೇಡಂ ನಿಮ್ಗೂ ಪಾಠ ಮಾಡ್ತಾರೆ, ಬಿಟ್ಬಿಡಿ” ಎಂದನಂತೆ. ಬಿಟ್ಟ.

ಲಾಭ ಎಂದೆ. ನನಗೆ ಕೇಳದೆ ಬಹಳ ಜೋರಾಗಿ ಹೇಳಿದೆನಂತೆ, ಬೀದಿಯ ಕೊನೆಯವರೆಗೂ ಕೇಳಿಸಿತಂತೆ. ಒಂಬತ್ತು ಮನೆಗೂ ಅಳೆದೆ. ಪ್ರತಿಯೊಬ್ಬರಿಗೂ, ನನ್ನ ಮಾತು ಕೇಳಿ ನಿಮಗೆ ಹೀಗಾಯಿತು ಎಂದು ಹೇಳಿಯೇ ಕೊಟ್ಟೆ. ಮೂರನೆಯ ಮನೆಯ ಹೊತ್ತಿಗೆ ಧ್ವನಿ ಸರಿಹೋಯಿತು. ಹನುಮವ್ವ ಸೇರಿನ ಮೇಲೆ ಎದ್ದ ಹಿಟ್ಟನ್ನು ಕೈಯಲ್ಲಿ ಸವರಿ ಕೆಳಗೆ ಬೀಳದಂತೆ ಹಿಡಿದಳು. ಏನೋ ಕೇಳಿದಳು. ಮುದ್ದೆ ಗಂಟಾಗದ ಹಾಗೆ ತಿರುವುವುದು ಹೇಗೆ ಎಂದಳಂತೆ. ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಕವನಾ ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೋಲು ಹಿಡಿಯುವುದನ್ನು ತೋರಿಸಿದಳು.

ಲಾಭದ ಸೇರನ್ನು ಮಧ್ಯಾಹ್ನವೇ ಬೇಯಿಸಿದೆವು. ಕ್ರಮಕ್ಕಾಗಿ ಒಂದು ಮುದ್ದೆ ತಿಂದೆ. ಅಗಿಯಬೇಡಿ ನುಂಗಿ ಎಂದಳು ಕವನಾ, ಅಗಿದೆ, ಹಲ್ಲಿಗೆ ಅಂಟಿತು. ಹುರುಳಿ ಸಾರು ಖಾರವಾಗಿತ್ತು.

ನೀವು ಹೇಳಿದ್ದು ಸರಿ ಎಂದು ನಾನು ಬರೆಯುತ್ತಿಲ್ಲ. ರಾಗಿ ಸಿಕ್ಕಿತು ಎಂದು ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಭೈರೇಶ ಒಬ್ಬನೇ ಬರುತ್ತಾನೆ ಎಂದು ಬರೆದಿದ್ದಿರಿ. ತಗಡಿಗೂ ನೆಲಕ್ಕೂ ನಡುವೆ ಒಂದು ಗೇಣು ಸಂದಿಯಿದೆ. ನಾನು ಅಳೆಯುವಷ್ಟು ಹೊತ್ತೂ ಆ ಕಡೆ ಎರಡು ಪಾದಗಳು ಅಲ್ಲಾಡದೆ ನಿಂತಿದ್ದವು. ಹಿಮ್ಮಡಿಯಲ್ಲಿ ಹಿಟ್ಟು ಮೆತ್ತಿತ್ತು. ಹಸಿರು ಅಂಚಿನ ಸೀರೆ. ನನಗೆ ಕಿವಿ ಮಂದ, ಕಣ್ಣು ಸರಿಯಾಗಿದೆ.

ಪಂಕಜಾ


ಉಲ್ಲಾಳು
3 ಮೇ 2020

ಪಂಕಜಾ ಅವರಿಗೆ,

ಹಸಿರು ಅಂಚಿನ ಸೀರೆ ಬೆಂಗಳೂರಿನಲ್ಲಿ ನನ್ನೊಬ್ಬಳ ಹತ್ತಿರವೇ ಇದೆಯೇ? ಆ ವಿಷಯ ಅಲ್ಲಿಗೇ ಬಿಡಿ. ಮಾತಾಡಿದರೆ ನಿಮಗೆ ಕೇಳುತ್ತಿರಲಿಲ್ಲ, ಆದ್ದರಿಂದ ಅಲ್ಲಿ ನಿಂತವರು ಯಾರೇ ಆಗಿದ್ದರೂ ಸುಮ್ಮನೆ ನಿಂತಿರುತ್ತಾರೆ.

ಒಂದು ಮುದ್ದೆ ತಿಂದೆ ಎಂದು ಬರೆದಿದ್ದೀರಿ. ಎರಡು ಎಂದು ಕವನಾ ಹೇಳಿದಳು. ಎರಡನೆಯದನ್ನು ನೀವೇ ಕೇಳಿ ಹಾಕಿಸಿಕೊಂಡಿರಂತೆ, ತುಪ್ಪ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದಿರಂತೆ. ಇದನ್ನು ಹೇಳುವಾಗ ಅವಳ ಗಂಟಲು ಸಣ್ಣದಾಗಲಿಲ್ಲ. ಇವತ್ತು ತುಪ್ಪ ಬರುತ್ತದೆ, ಬೆಣ್ಣೆ ಕಾಯಿಸಿದ್ದು ನಾನೇ. ನೀವು ಕೇಳಿದ್ದೀರಿ ಎಂದೇ ತಿಳಿದು ಕಳಿಸುತ್ತಿದ್ದೇನೆ.

ಹಗೇವು ಖಾಲಿಯಾಗಿದೆ. ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತಿದೆ. ನಿನ್ನೆ ತಿಮ್ಮಯ್ಯ ಅದರ ಪಕ್ಕ ನಿಂತು ತಲೆ ಕೆರೆದುಕೊಂಡ.

“ಅತ್ತಿಗೆ, ಇನ್ನೇನು, ಜಲ್ಲಿ ತರಿಸಿ ಮುಚ್ಚಿಬಿಡ್ಲಾ? ಎರಡ್ ಕಾರು ನಿಲ್ಬೋದು.”

“ಯಾರ್ದೋ ಕಾರು?”

“ಬಾಡಿಗೆಗೆ.”

“ಚರಂಡಿ ಕಡೆ ಗೋಡೆಗೆ ಸಿಮೆಂಟ್ ಹೊಡಿಸು,” ಅಂದೆ. “ಸುಗ್ಗಿಗೆ ತಾವರೆಕೆರೆಯಿಂದ ಹೊಸ ರಾಗಿ ಬರುತ್ತೆ.”

ಅವನು ಗೊಣಗುತ್ತಾ ಗಾರೆಯವರಿಗೆ ಫೋನ್ ಮಾಡಿದ್ದಾನೆ. ಈ ಸಲ ನಮ್ಮ ಮನೆಯ ಪಾಲಿನ ಜೊತೆ ನಿಮ್ಮ ಮನೆಯ ಪಾಲನ್ನೂ ಸೇರಿಸಿ ತುಂಬಿಸುತ್ತೇನೆ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಬೇಡ ಎಂದು ಬರೆಯುವುದಾದರೆ ಬರೆಯಿರಿ. ಆ ಕಾಗದವನ್ನೂ ರಾಗಿಯ ಜೊತೆಗೇ ಒಳಗೆ ಹಾಕಿ ಚಪ್ಪಡಿ ಮುಚ್ಚುತ್ತೇನೆ.

ಮುನಿಲಕ್ಷ್ಮಮ್ಮ